ಪೊರಕೆಯೂ ಒಂದು ಪಾಠ

ಸೋದರಿಯರೇ, ಜಪಾನಿನ ಶಾಲೆಗೆ ಪಾಠ ಹೇಳಲು ಬರುವ ಪರದೇಶದ ಮೇಷ್ಟ್ರು ಬಾಗಿಲಲ್ಲೇ ಕಲಿಯೋದೇನು ಗೊತ್ತೇ? ಬೂಟು ಕಳಚಿಡೋದು! ಒಳಗೆ ಓಡಾಡೋಕೆ ಬೇರೆಯದೇ ಮೆಟ್ಟು.

1987ರಿಂದ ಜಪಾನ್ ದೇಶ 'ಜೆಟ್' ಎಂಬ ಯೋಜನೆಯಲ್ಲಿ ಹೊರದೇಶಗಳ ಪದವೀಧರರನ್ನು ಕರೆಸಿಕೊಳ್ಳುತ್ತಿದೆ. ಹೆಚ್ಚಿನವರು ಇಂಗ್ಲಿಷ್ ತರಗತಿಯಲ್ಲಿ ಅಲ್ಲಿನ ಶಿಕ್ಷಕರಿಗೆ ಸಹಾಯಕರು. ಬಂದವರಿಗೆ ಮೊದಲು ತಿಳುವಳಿಕೆ ಶಿಬಿರ. ಪ್ರಾಥಮಿಕ 6 ವರ್ಷ, ಮಾಧ್ಯಮಿಕ 3 ವರ್ಷ, ಇವೆರಡೂ ಕಡ್ಡಾಯ. ಮೇಲೆ ಪ್ರೌಢಶಾಲೆ 3 ವರ್ಷ. ಶಾಲೆ ಶುರುವಾಗೋದು ಏಪ್ರಿಲ್‌ನಲ್ಲಿ.

ಇಷ್ಟನ್ನು ಕಾಗದದಲ್ಲಿ ಬರೆದುಕೊಡಬಹುದು. ನಿಜವಾದ ಪರಿಚಯ ಆಗೋದು ಮಧ್ಯಾಹ್ನದ ಊಟದ ಹೊತ್ತಿಗೆ. ಪ್ರಾಥಮಿಕ ಶಾಲೆಯಲ್ಲಿ ಸರದಿಯ ಮಕ್ಕಳು ಬಿಳಿ ಮೇಲಂಗಿ, ಟೋಪಿ ತೊಟ್ಟು ಗೆಳೆಯರಿಗೆ ಬಡಿಸುತ್ತಾರೆ. ತರಗತಿಯ ಗುರುಗಳೂ ಅಲ್ಲೇ ಕೂತು ಅದೇ ಊಟ ಮಾಡ್ತಾರೆ. ಶಾಲೆ ಗುಡಿಸೋದು, ನೆಲ ಒರೆಸೋದು ಕೂಡ ಮಕ್ಕಳದೇ ಕೆಲಸ. ಹುಡುಗ, ಹುಡುಗಿ ಅನ್ನೋ ಭೇದವಿಲ್ಲ.

ಹೊಸಬರು ಕೈಕಟ್ಟಿ ನೋಡುತ್ತಾ ನಿಂತರೆ ಅತಿಥಿಯಾಗಿಯೇ ಉಳೀತಾರೆ. ತಾವೂ ಒಂದು ಒರೆಸುವ ಬಟ್ಟೆ ಹಿಡಿದರೆ, ಭಾಷೆ ಬಾರದಿದ್ದರೂ ಮಕ್ಕಳು ಹತ್ತಿರ ಬರ್ತಾರೆ.

ಗುಡಿಸಿ ಬಡಿಸುವ ಕೆಲಸವನ್ನು ನಾವು ದಿನವೂ ಮಾಡ್ತೀವಿ. ಅದನ್ನು ಯಾರು ಲೆಕ್ಕಕ್ಕಿಡ್ತಾರೆ ಹೇಳಿ? ಅಲ್ಲಿ ಅದಕ್ಕೆ ಶಾಲೆಯ ವೇಳಾಪಟ್ಟಿಯಲ್ಲೇ ಜಾಗವಿದೆ. 'ಗಂಡು ಹುಡುಗ, ಓದ್ಕೊಳ್ಳಲಿ' ಅಂತ ಮಗನ ತಟ್ಟೆ ಎತ್ತುವ ಮುಂಚೆ ಒಂದು ಕ್ಷಣ ಯೋಚಿಸಿ. ಅವನ ಕೈಗೂ ಪೊರಕೆ ಕೊಡಿ, ಓದೇನೂ ಕೆಡದು!