ಹಚ್ಚಿದ್ದೆಲ್ಲ ಹೊಟ್ಟೆಗೆ
ಈ ವಾರ ನಮ್ಮ ಬಡಾವಣೆಯ ಪಾರ್ಕಿನಲ್ಲಿ ಕಂಡ ಲ್ಯಾಬ್ರಡಾರ್ ಒಂದು ಅರಿಶಿನ ಶಾಸ್ತ್ರ ಮುಗಿಸಿ ಎದ್ದುಬಂದ ಮದುಮಗನ ಹಾಗಿತ್ತು: ಹೊಟ್ಟೆ, ಕಂಕುಳು, ಬೆರಳ ಸಂದು, ಎಲ್ಲೆಲ್ಲೂ ಬೇವಿನೆಣ್ಣೆಯಲ್ಲಿ ಕಲಸಿದ ಅರಿಶಿನ. ‘ಕೆರೆತಕ್ಕೆ ಸಾರ್, ಪೂರ್ತಿ ನ್ಯಾಚುರಲ್, ಸೈಡ್ ಎಫೆಕ್ಟ್ ಇಲ್ಲ’ ಎಂದರು ಯಜಮಾನರು. ಅವರ ಮಾತು ಮುಗಿಯುವಷ್ಟರಲ್ಲಿ ನಾಯಿ ಒಂದು ಮುಂಗಾಲನ್ನು ನೆಕ್ಕಿ ಚೊಕ್ಕ ಮಾಡಿತ್ತು. ನಮಗೆ ಮೈಗೆ ಹಚ್ಚುವ ಮದ್ದು ಬೇರೆ, ಹೊಟ್ಟೆಗೆ ಕೊಡುವ ಮದ್ದು ಬೇರೆ. ನಾಯಿಗೆ ಆ ಭೇದವಿಲ್ಲ. ಟೀ ಟ್ರೀ ಎಣ್ಣೆಯೂ ಗಿಡದ್ದೇ, ಆದರೆ ಅದು ಮೈಗೆ ಹತ್ತಿದರೂ ಹೊಟ್ಟೆ ಸೇರಿದರೂ ನಾಯಿ ನಡುಗಿ ತೂರಾಡುವುದುಂಟು. ಚಿಗಟ ಓಡಿಸಲೆಂದು ಅನ್ನಕ್ಕೆ ಕಲಸುವ ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನೇ ಒಡೆಯಬಲ್ಲದು. ಹಾಗಾಗಿ ನಿಸರ್ಗದ ಮದ್ದೇ ಬೇಕೆನ್ನುವವರು ಹಚ್ಚುವುದನ್ನು ಬಿಟ್ಟು ತೊಳೆಯುವುದನ್ನು ಹಿಡಿಯಬೇಕು. ವಾಕಿಂಗ್ ಮುಗಿದೊಡನೆ ಪಾದ, ಹೊಟ್ಟೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಬೆರಳ ಸಂದು ಒಣಗಿಸಿದರೆ ಪರಾಗ, ಧೂಳು ಅಲ್ಲಿಗೇ ಹೋಯಿತು. ನುಣ್ಣಗೆ ಪುಡಿಮಾಡಿದ ಓಟ್ಸ್ ಕದಡಿದ ತಣ್ಣೀರ ಸ್ನಾನ ಕೆರೆತ ತಗ್ಗಿಸುತ್ತದೆ. ಚಿಗಟದ ಎಂಜಲಿಗೆ ಅಲರ್ಜಿ ಇರುವ ನಾಯಿಗೆ ಕೆರೆತ ಹತ್ತಲು ಒಂದೆರಡು ಕಡಿತವೇ ಸಾಕು. ಚಿಗಟದ ಮೊಟ್ಟೆ, ಮರಿಹುಳು ಹೆಚ್ಚಾಗಿ ಇರುವುದು ನಾಯಿ ಮಲಗುವ ಚಾಪೆಯಂಥ ಕಡೆ, ಚಾಪೆಯನ್ನು ಬಿಸಿನೀರಲ್ಲಿ ಒಗೆಯಬೇಕು. ಇಷ್ಟಾಗಿಯೂ ಕಿವಿ ನಾತ ಹೊಡೆದರೆ, ಚರ್ಮದಲ್ಲಿ ಕೀವಾದರೆ ಪಶುವೈದ್ಯರೇ ಗತಿ. ನೀರಿಗಿಂತ ನ್ಯಾಚುರಲ್ ಏನಿದೆ? ಆದರೂ ಅದು ನಮಗೆ ರುಚಿಸದು: ಮದ್ದಾದರೆ ಒಮ್ಮೆ ಬಳಿದು ಕೈತೊಳೆದುಕೊಳ್ಳಬಹುದು, ನಾಯಿಯ ಕಾಲನ್ನು ದಿನಾ ತೊಳೆಯಬೇಕು.