ಮಾರುಕಟ್ಟೆಯ ಹಣ್ಣಿಗೆ ಹೆದರಬೇಡಿ, ಚಾಕುವಿಗೆ ಹೆದರಿ

ರಜೆಯಲ್ಲಿ ಮುಂಬಯಿಗೆ ಹೊರಟಿದ್ದೀರಾ? ಹಾಗಾದರೆ ಒಂದು ಬೆಳಿಗ್ಗೆಯನ್ನು ಕ್ರಾಫರ್ಡ್ ಮಾರುಕಟ್ಟೆಗೆ ಮೀಸಲಿಡಿ. ಬೆಂಗಳೂರಿನ ಉದ್ಯಾನ್ ಎಕ್ಸ್‌ಪ್ರೆಸ್ ಕೊನೆಗೆ ತಲಪುವ ನಿಲ್ದಾಣದಿಂದ ನಡೆದೇ ಹೋಗಬಹುದು. 1869ರಲ್ಲಿ ಪೂರ್ಣಗೊಂಡ, ಎತ್ತರದ ಛಾವಣಿಯ ಈ ಕಟ್ಟಡಕ್ಕೆ ಈಗಿನ ಹೆಸರು ಮಹಾತ್ಮಾ ಜ್ಯೋತಿಬಾ ಫುಲೆ ಮಂಡಯಿ. ಪ್ರವೇಶದ್ವಾರದ ಮೇಲಿನ ಕೆತ್ತನೆಗಳನ್ನು ರೂಪಿಸಿದವರು ಕತೆಗಾರ ಕಿಪ್ಲಿಂಗ್‌ನ ತಂದೆ. ಮಕ್ಕಳಿಗೆ ತೋರಿಸಿ.

ಇಂಥ ಹಳೆಯ ಮಾರುಕಟ್ಟೆಗಳಲ್ಲಿ ನಮ್ಮ ಅನೇಕ ತಾಯಿತಂದೆಯರು ಮಾಡುವುದೇನು? ಕಿತ್ತಳೆ ರಾಶಿಯ ಮುಂದೆ ನಿಂತ ಮಗುವನ್ನು "ಮುಟ್ಟಬೇಡ, ಕೊಳಕು" ಎಂದು ಎಳೆದುಕೊಂಡು ಬರುತ್ತಾರೆ. ಹೊರಗೆ ಬಂದು, ಪಾಪ ಬಿಸಿಲು ಎಂದು, ಐಸ್ ಹಾಕಿದ ಹಣ್ಣಿನ ರಸ ಕುಡಿಸುತ್ತಾರೆ! ಇದು ಪೂರ್ತಿ ತಲೆಕೆಳಗು.

ಇಡೀ ಹಣ್ಣಿಗೆ ಸಿಪ್ಪೆಯೇ ರಕ್ಷಾಕವಚ. ಕೈ ತೊಳೆದು ನೀವೇ ಸುಲಿದ ಬಾಳೆಹಣ್ಣು, ಕಿತ್ತಳೆಯಷ್ಟು ನಿರಪಾಯಕರ ತಿಂಡಿ ಪ್ರಯಾಣದಲ್ಲಿ ಬೇರೆ ಸಿಗಲಾರದು. ಅದೇ ಹಣ್ಣನ್ನು ಹೆಚ್ಚಿ ತಟ್ಟೆಯಲ್ಲಿಟ್ಟ ಕೂಡಲೇ ಕಥೆ ಬದಲಾಗುತ್ತದೆ. ಚಾಕು, ಹಲಗೆ, ಹೆಚ್ಚಿದವನ ಕೈ, ಮೇಲೆ ಚಿಮುಕಿಸಿದ ನೀರು, ಇವುಗಳಲ್ಲಿ ಯಾವುದು ಶುದ್ಧವಿಲ್ಲದಿದ್ದರೂ ರೋಗಾಣುಗಳು ಹಣ್ಣಿಗೆ ಹತ್ತುತ್ತವೆ. ಬಿಸಿಲಿನಲ್ಲಿ ಒಂದೆರಡು ಗಂಟೆ ಇಟ್ಟರೆ ಬ್ಯಾಕ್ಟೀರಿಯಾಗಳು ಬೇಗಬೇಗನೆ ಹೆಚ್ಚುತ್ತವೆ.

ಮಂಜುಗಡ್ಡೆಯಲ್ಲಿ ಕ್ರಿಮಿಗಳು ಸತ್ತುಹೋಗುತ್ತವೆ ಎಂಬ ನಂಬಿಕೆಯೂ ಸುಳ್ಳು. ಕಾಮಾಲೆ ತರುವ ಹೆಪಟೈಟಿಸ್ ಎ ವೈರಸ್ ಹೆಪ್ಪುಗಟ್ಟಿದ ನೀರಿನಲ್ಲೂ ಬದುಕಿರುತ್ತದೆ. ತಿನ್ನಲು ಯೋಗ್ಯವಲ್ಲದ ಮಂಜುಗಡ್ಡೆಗೆ ನೀಲಿ ಬಣ್ಣ ಬೆರೆಸಬೇಕೆಂಬ ನಿಯಮ 2018ರಲ್ಲಿ ಮಹಾರಾಷ್ಟ್ರದಲ್ಲಿ ಬಂತು. ಒಳ್ಳೆಯದೇ. ಆದರೆ ಬೆಳ್ಳಗಿದೆ ಎಂಬ ಒಂದೇ ಕಾರಣಕ್ಕೆ ಬೀದಿಯ ಐಸನ್ನು ನಾನಂತೂ ನಂಬಲಾರೆ.

ಕಣ್ಣೆದುರಿಗೇ ಕುದಿಯುವ ಎಣ್ಣೆಯಿಂದ ತೆಗೆದ ಬಿಸಿ ಭಜಿ ಇದಕ್ಕಿಂತ ಎಷ್ಟೋ ವಾಸಿ. ಜೊತೆಗೆ ಕೊಡುವ ಹಸಿ ಚಟ್ನಿ ಬೇಡ. ಭಜಿಯನ್ನು ಹಳೆಯ ಪತ್ರಿಕೆಯಲ್ಲಿ ಕಟ್ಟಿಸಿಕೊಳ್ಳಲೂ ಬೇಡಿ. ಮುದ್ರಣದ ಶಾಯಿ ಎಣ್ಣೆಯೊಡನೆ ಹೊಟ್ಟೆ ಸೇರುತ್ತದೆ. ನೀವೀಗ ಓದುತ್ತಿರುವ ಪತ್ರಿಕೆಯೂ ಇದಕ್ಕೆ ಹೊರತಲ್ಲ.

ಇಷ್ಟೆಲ್ಲ ಹೇಳಲು ಕಾರಣವಿದೆ. ಕೆಟ್ಟ ಆಹಾರದಿಂದಾಗುವ ವಾಂತಿಭೇದಿ ಸಾಮಾನ್ಯವಾಗಿ ಪ್ರವಾಸದಲ್ಲೇ ಕಾಣಿಸಿಕೊಳ್ಳುತ್ತದೆ, ಕಾಮಾಲೆ ಹಾಗಲ್ಲ. ಹೆಪಟೈಟಿಸ್ ಎ ಸೋಂಕು ತಗಲಿ ಕಾಯಿಲೆ ತೋರಲು 15ರಿಂದ 50 ದಿನ ಬೇಕು. ಟೈಫಾಯ್ಡ್‌ಗೂ ಒಂದರಿಂದ ಮೂರು ವಾರ ಹಿಡಿಯಬಹುದು. ಅಷ್ಟರಲ್ಲಿ ನೀವು ಊರಿಗೆ ಮರಳಿ, ಮುಂಬಯಿಯ ಆ ಲೋಟವನ್ನು ಮರೆತೇ ಬಿಟ್ಟಿರುತ್ತೀರಿ. ಇನ್ನೂ ಒಂದು ತೊಡಕು: ಚಿಕ್ಕ ಮಕ್ಕಳಲ್ಲಿ ಈ ಸೋಂಕು ಅನೇಕ ವೇಳೆ ಲಕ್ಷಣವನ್ನೇ ತೋರದೆ, ಅವರಿಂದ ಮನೆಯ ದೊಡ್ಡವರಿಗೆ ಹರಡುತ್ತದೆ. ದೊಡ್ಡವರನ್ನೇ ಅದು ಹೆಚ್ಚು ಬಳಲಿಸುವುದು. ಇದಕ್ಕೆ ಲಸಿಕೆ ಇದೆ, ವೈದ್ಯರನ್ನು ಕೇಳಿ. ಊರಿಗೆ ಬಂದ ತಿಂಗಳೊಳಗೆ ಜ್ವರ, ಅರುಚಿ, ಮೂತ್ರ ಗಾಢ ಹಳದಿಯಾಗುವುದು ಕಂಡರೆ, ಪ್ರವಾಸ ಹೋಗಿ ಬಂದದ್ದನ್ನು ವೈದ್ಯರಿಗೆ ಮೊದಲು ತಿಳಿಸಿ.