“ಇಷ್ಟೇನಾ” ನಾಮದ ಚಿಲುಮೆ?

“ಇಷ್ಟೇನಾ? ಇದನ್ನ ನೋಡೋಕೆ ಇಷ್ಟು ದೂರ ಬಂದ್ವಾ?”

ಕಳೆದ ಭಾನುವಾರ ನಾಮದ ಚಿಲುಮೆಯ ಮುಂದೆ ನಿಂತ ತರುಣನೊಬ್ಬ ಜೊತೆಗಾರರನ್ನು ಕೇಳಿದ ಮಾತಿದು. ಅವನನ್ನು ದೂರುವ ಹಾಗಿಲ್ಲ. ಬಂಡೆಯಲ್ಲೊಂದು ಸಣ್ಣ ಗುಂಡಿ, ಅದರಲ್ಲಿ ತಣ್ಣನೆಯ ನೀರು. ಈಜೋಣವೆಂದರೆ ಕೊಳವಿಲ್ಲ, ತಲೆಯೊಡ್ಡಿ ನಿಲ್ಲೋಣವೆಂದರೆ ಜಲಪಾತವಿಲ್ಲ. ಮುಖಕ್ಕೆ ನಾಲ್ಕು ಹನಿ ಚಿಮುಕಿಸಿಕೊಂಡರೆ ಮುಗಿಯಿತು. ಅಲ್ಲಿಂದ ಜಿಂಕೆವನ, ಅಲ್ಲಿಂದ ಬುತ್ತಿ, ಆಮೇಲೆ ಮನೆ.

ತುಮಕೂರಿನಿಂದ ದೇವರಾಯನದುರ್ಗದ ದಾರಿಯಲ್ಲಿ 13-14 ಕಿ.ಮೀ. ಹೋದರೆ ಸಿಗುವ ಈ ಜಾಗದ ಕಥೆ ನಮ್ಮ ಜಿಲ್ಲೆಯ ಮಕ್ಕಳಿಗೂ ಗೊತ್ತು. ಹಣೆಗೆ ನಾಮ ಇಟ್ಟುಕೊಳ್ಳಲು ಶ್ರೀರಾಮನಿಗೆ ನೀರು ಸಿಗಲಿಲ್ಲವಂತೆ. ಬಂಡೆಗೆ ಬಾಣ ಬಿಟ್ಟನಂತೆ, ನೀರು ಚಿಮ್ಮಿತಂತೆ. ನಾಮಕ್ಕೆ ಬೇಕಾದದ್ದು ಒಂದು ಬೆರಳು ನೀರು. ಅಷ್ಟು ನೀರಿನ ಬೆಲೆ ಏನೆಂದು ಆ ಕಥೆ ಕಟ್ಟಿದವರಿಗೆ ತಿಳಿದಿತ್ತು. ಬೇಸಿಗೆಯಲ್ಲಿ ನಲ್ಲಿ ಮುಂದೆ ಬಿಂದಿಗೆ ಸಾಲು ಹಿಡಿದ ನಮಗೂ ತಿಳಿದಿರಬೇಕಿತ್ತು!

ಬಾಣದ ಮಾತು ಹಾಗಿರಲಿ. ಈ ನೀರು ಬರುವುದು ಎಲ್ಲಿಂದ? ಗುಡ್ಡದಿಂದ ಸ್ವಾಮಿ, ಗುಡ್ಡದಿಂದ. ಮಳೆಗಾಲದಲ್ಲಿ ಬಿದ್ದ ನೀರನ್ನು ಮರದ ಬೇರು, ಹುಲ್ಲು, ತರಗೆಲೆ ತಡೆದು ನಿಲ್ಲಿಸುತ್ತವೆ. ನಿಂತ ನೀರು ಮೆಲ್ಲಗೆ ಬಂಡೆಯ ಬಿರುಕಿಗೆ ಇಳಿಯುತ್ತದೆ. ಒಳಗೊಳಗೇ ಹರಿದು, ಮಳೆ ನಿಂತ ಎಷ್ಟೋ ದಿನಗಳ ಮೇಲೆ ತಗ್ಗಿನಲ್ಲಿ ಒಸರುತ್ತದೆ. ಅಂದರೆ ನಾವು ಇಣುಕಿ ನೋಡುವ ಗುಂಡಿ ಬರೀ ಬಾಯಿ. ಹೊಟ್ಟೆ ಇರುವುದು ಮೇಲಿನ ಕಾಡಿನಲ್ಲಿ. ಆ ತರುಣನ “ಇಷ್ಟೇನಾ” ಎಂಬುದಕ್ಕೆ ಉತ್ತರವೂ ಇದೇ: ಇಷ್ಟೇ ಅಲ್ಲ ಕಣಪ್ಪಾ, ತಲೆ ಎತ್ತಿ ನೋಡು.

ಈ ಬೆಟ್ಟಸಾಲು ಸಾಮಾನ್ಯದ್ದಲ್ಲ. ಇಲ್ಲೇ ಹುಟ್ಟುವ ಜಯಮಂಗಲಿ ಉತ್ತರಕ್ಕೆ ಹರಿದು ಕೊರಟಗೆರೆ, ಮಧುಗಿರಿ ಸೀಮೆ ದಾಟಿ ಪೆನ್ನಾರನ್ನು ಸೇರುತ್ತದೆ. ಇಲ್ಲೇ ಹುಟ್ಟುವ ಶಿಂಷಾ ದಕ್ಷಿಣಕ್ಕೆ ಹೋಗಿ ಮಾರ್ಕೋನಹಳ್ಳಿ ಜಲಾಶಯ ತುಂಬಿಸಿ ಕಾವೇರಿಯ ಪಾಲಾಗುತ್ತದೆ. ಒಂದೇ ತಾಯಿ, ಎರಡು ದಿಕ್ಕಿಗೆ ಕೊಟ್ಟ ಹೆಣ್ಣುಮಕ್ಕಳು! ತುಮಕೂರಿನವರು ಕುಡಿಯುವ ನೀರಿಗೆ ಇಂದು ದೂರದ ಹೇಮಾವತಿಯನ್ನು ಬುಗುಡನಹಳ್ಳಿ ಕೆರೆಗೆ ತರಿಸಿಕೊಳ್ಳುತ್ತಿದ್ದೇವೆ. ಪಾವಗಡದವರು ಫ್ಲೋರೈಡ್ ನೀರಿನಿಂದ ಪಟ್ಟ ಪಾಡು ಎಲ್ಲರಿಗೂ ಗೊತ್ತು. ಇಂಥ ಜಿಲ್ಲೆಯಲ್ಲಿ ತಾನಾಗಿ ನೀರು ಕೊಡುವ ಗುಡ್ಡವನ್ನು ಕಣ್ಣಿಗೆ ಒತ್ತಿಕೊಳ್ಳಬೇಕು.

ನಾವು ಮಾಡುತ್ತಿರುವುದೇನು? ಬೇಸಿಗೆ ಬಂತೆಂದರೆ ಯಾರೋ ಪುಣ್ಯಾತ್ಮ ಬೀಡಿ ಎಸೆಯುತ್ತಾನೆ, ಒಣಹುಲ್ಲು ಹತ್ತಿಕೊಳ್ಳುತ್ತದೆ. ಸುಟ್ಟ ಗುಡ್ಡದ ಮೇಲೆ ಬಿದ್ದ ಮಳೆ ಬಿರುಕಿಗೆ ಇಳಿಯದೆ ಮಣ್ಣನ್ನೂ ಕೊಚ್ಚಿಕೊಂಡು ಓಡುತ್ತದೆ. ಚಿಲುಮೆಗೆ ಬಾಯಿ ಉಳಿದೀತು, ಹೊಟ್ಟೆಗೆ ಏನು?

ಇನ್ನು ಜಿಂಕೆವನ. ನಾವು ನೋಡುನೋಡುತ್ತಿದ್ದಂತೆಯೇ ಒಂದು ಮಗು ಚಿಪ್ಸ್ ಪೊಟ್ಟಣವನ್ನು ಪೊಟ್ಟಣದ ಸಮೇತ ಬೇಲಿಯೊಳಗೆ ಚಾಚಿತು. ತಂದೆ ಫೋಟೋ ತೆಗೆಯುವುದರಲ್ಲಿದ್ದರು. ಪಕ್ಕದಲ್ಲಿದ್ದ ಅಜ್ಜಿ ಗದರಿಸಿದರು: “ಬ್ಯಾಡ ಮಗಾ, ಅದು ತಿಂದ್ರೆ ಸಾಯ್ತದೆ.” ಅಜ್ಜಿಯ ಮಾತು ನೂರಕ್ಕೆ ನೂರು ನಿಜ. ಜಿಂಕೆ ಮೆಲುಕು ಹಾಕುವ ಪ್ರಾಣಿ. ಪ್ಲಾಸ್ಟಿಕ್ ಅದರ ಹೊಟ್ಟೆಯಲ್ಲಿ ಕರಗದು, ಮುಂದಕ್ಕೂ ಹೋಗದು. ಹೊಟ್ಟೆ ತುಂಬಿದಂತಾಗಿ ಮೇವು ಬಿಟ್ಟು ಸೊರಗುತ್ತದೆ. ಕೋತಿಗಳದು ಇನ್ನೊಂದು ಕಥೆ. ಮೊದಲು ನಾವೇ ಬಾಳೆಹಣ್ಣು ಎಸೆದು ಕಲಿಸಿದೆವು. ಈಗ ಅವು ಚೀಲಕ್ಕೇ ಕೈ ಹಾಕಿದರೆ “ಕೋತಿ ಕಾಟ” ಅನ್ನುತ್ತೇವೆ!

ವ್ಯಾಪಾರಿ ಮಿತ್ರರಿಗೆ ಒಂದು ಮಾತು, ಬೇಸರ ಬೇಡ. ಭಾನುವಾರ ಬೆಳಿಗ್ಗೆ ಗುಡ್ಡ ಹತ್ತುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ ಹೊರಡುವುದು ನಮ್ಮ ಪೇಟೆಯ ಅಂಗಡಿಗಳಿಂದಲೇ. ಇವುಗಳಿಗೆ 2022ರ ಜುಲೈ 1ರಿಂದ ದೇಶಕ್ಕೇ ನಿಷೇಧ ಇದೆ. ರಾಜ್ಯದಲ್ಲಿ 2016ರಲ್ಲೇ ನಿಷೇಧ ಬಂದಿತ್ತು. ಗಿರಾಕಿ ಕೇಳ್ತಾನೆ, ಕೊಡ್ತೀವಿ ಅನ್ನಬೇಡಿ. ನಮ್ಮದು ಅಡಿಕೆ ಬೆಳೆಯುವ ಜಿಲ್ಲೆ. ಹಾಳೆ ತಟ್ಟೆಗೆ, ಮುತ್ತುಗದ ಎಲೆಗೆ ಬರವೇ? ಅದನ್ನೇ ಮುಂದಿಡಿ. ಲಾಭವೂ ಊರಲ್ಲೇ ಉಳಿಯುತ್ತದೆ.

ಸಂಬಂಧಪಟ್ಟವರಿಗೆ ಎರಡು ಮಾತು. ಒಂದು, ಒಳಗೆ ಹೋಗುವ ಪ್ರತಿ ಬಾಟಲಿ, ಪೊಟ್ಟಣಕ್ಕೆ ಬಾಗಿಲಲ್ಲೇ 10 ರೂಪಾಯಿ ಠೇವಣಿ ಇಟ್ಟುಕೊಳ್ಳಲಿ. ಖಾಲಿ ತಂದು ತೋರಿಸಿದವರಿಗೆ ಹಣ ವಾಪಸ್. ಇದಕ್ಕೆ ದೊಡ್ಡ ಯೋಜನೆ ಬೇಡ, ಒಂದು ಮೇಜು, ಒಬ್ಬ ಮನುಷ್ಯ ಸಾಕು. ಎರಡು, ಭಾನುವಾರ ಬಸ್ಸು ಹೆಚ್ಚಿಸಲಿ. 2023ರ ಜೂನ್‌ನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲದಂತಾದ ಮೇಲೆ, ಮನೆ ಬಿಟ್ಟು ಕದಲದಿದ್ದ ಅಮ್ಮಂದಿರೂ ಮಕ್ಕಳನ್ನು ಕಟ್ಟಿಕೊಂಡು ಹೊರಡುತ್ತಿದ್ದಾರೆ. ಸಂತೋಷವೇ. ಆದರೆ ನಾವು ಹೋದ ದಿನ ಒಂದು ಸಂಸಾರ ಮರದಡಿ ಗಂಟೆಗೂ ಹೆಚ್ಚು ಹೊತ್ತು ಕಾದು, ಕೊನೆಗೆ ಆಟೋಗೆ ದುಡ್ಡು ತೆತ್ತು ಊರು ಸೇರಿತು. ಕಾರಿದ್ದವರಿಗೆ ಮಾತ್ರ ಕಾಡು, ಚಿಲುಮೆ ಎಂದಾಗಬಾರದು. ಒಂದು ಬಸ್ಸು ಹೆಚ್ಚು ಹೋದರೆ ಹತ್ತು ಕಾರಿನ ಹೊಗೆ, ಹಾರ್ನು ಗುಡ್ಡಕ್ಕೆ ತಪ್ಪುತ್ತದೆ.

ಹೋಗಿ ಬನ್ನಿ, ಮಕ್ಕಳನ್ನೂ ಕರೆದುಕೊಂಡು ಹೋಗಿ. ಬುತ್ತಿ ಡಬ್ಬಿಯಲ್ಲಿರಲಿ, ನೀರು ಮನೆಯ ಬಾಟಲಿಯಲ್ಲಿರಲಿ. ಕೊಂಡುಹೋದದ್ದೆಲ್ಲ ನಿಮ್ಮ ಜೊತೆಯಲ್ಲೇ ಬಸ್ಸು ಹತ್ತಲಿ. ಸೋಪು, ಶಾಂಪೂ ಮನೆಯ ಬಚ್ಚಲಿಗೇ ಇರಲಿ.

ಒಂದು ಬೆರಳು ನೀರಿನಲ್ಲಿ ನಾಮ ಇಟ್ಟುಕೊಂಡು ಹೋದವನ ಕಥೆ ಹೇಳಿಕೊಳ್ಳುವ ನಾವು, ಆ ನೀರಿಗೇ ಪಂಗನಾಮ ಹಾಕಬಾರದು. ಏನಂತೀರಿ?